ಬಿಗ್ ಕ್ರಿಟ್‌ನ 'ಲೈವ್ ಫ್ರಮ್ ದಿ ಅಂಡರ್‌ಗ್ರೌಂಡ್': ಕೇಳುವ ಮೊದಲು ತಿಳಿದಿರಬೇಕಾದದ್ದು

ಈ ಹಿಪ್‌ಹಾಪ್ ಆಲ್ಬಂ ಬಂದದ್ದು 2012ರ ಜೂನ್ 5ರಂದು. ಮಾಡಿದವನು ಬಿಗ್ ಕ್ರಿಟ್ ಅನ್ನೋ ರ‍್ಯಾಪರ್, ಅಂದರೆ ತಾಳಕ್ಕೆ ಮಾತು ಕೂರಿಸಿ ಹೇಳುವವನು. ಅವನ ನಿಜವಾದ ಹೆಸರು ಜಸ್ಟಿನ್ ಸ್ಕಾಟ್, ಊರು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಮೆರಿಡಿಯನ್. 'ಕ್ರಿಟ್' ಅನ್ನೋದು ನಾಲ್ಕು ಪದಗಳ ಮೊದಲಕ್ಷರ ಸೇರಿಸಿ ಕಟ್ಟಿದ ಹೆಸರು: ಕಿಂಗ್ ರಿಮೆಂಬರ್ಡ್ ಇನ್ ಟೈಮ್. ಕಾಲ ಕಳೆದರೂ ಜನರ ನೆನಪಲ್ಲಿ ಉಳಿಯುವ ರಾಜ ಅಂತ ಇಟ್ಟುಕೊಳ್ಳಿ. ಆಲ್ಬಂ ಬಂದಾಗ ಅವನಿಗೆ 25 ವರ್ಷ.

ಇದನ್ನು ಅವನ ಮೊದಲ ಆಲ್ಬಂ ಅಂತ ಬರೆದಿರುವುದನ್ನು ನೋಡಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಯಾಕೆಂದರೆ ಇದಕ್ಕೂ ಮುಂಚೆ 2010ರಲ್ಲಿ 'ಕ್ರಿಟ್ ವಜ್ ಹಿಯರ್', 2011ರಲ್ಲಿ 'ರಿಟರ್ನ್ ಆಫ್ ಫಾರೆವಾ', 2012ರ ಮಾರ್ಚ್‌ನಲ್ಲಿ 'ಫಾರೆವಾ ಆ್ಯಂಡ್ ಎ ಡೇ' ಬಂದಿದ್ದವು. ಅವು ಮಿಕ್ಸ್‌ಟೇಪ್‌ಗಳು. ಯಾರು ಬೇಕಾದರೂ ನೆಟ್‌ನಿಂದ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದಿತ್ತು. ದೊಡ್ಡ ಕಂಪನಿಯ ಹೆಸರಲ್ಲಿ, ದುಡ್ಡಿಗೆ ಮಾರಾಟವಾದ ಮೊದಲ ಆಲ್ಬಂ ಮಾತ್ರ ಇದೇ. ಕಂಪನಿ ಡೆಫ್ ಜ್ಯಾಮ್. 1984ರಲ್ಲಿ ನ್ಯೂಯಾರ್ಕಿನ ಒಂದು ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ ಹುಟ್ಟಿದ ಈ ಕಂಪನಿ ಆ ಹೊತ್ತಿಗೆ ಯೂನಿವರ್ಸಲ್ ಮ್ಯೂಸಿಕ್‌ನ ಭಾಗವಾಗಿತ್ತು. ದೊಡ್ಡ ಕಂಪನಿ, ಇಂಗ್ಲಿಷಿನಲ್ಲಿ 'ಮೇಜರ್ ಲೇಬಲ್', ಅಂದರೆ ಯೂನಿವರ್ಸಲ್, ಸೋನಿ, ವಾರ್ನರ್ ಥರದ ಕೆಲವೇ ಕೆಲವು ಕಂಪನಿಗಳು.

ಪುಕ್ಕಟೆ ಕೊಡೋದಕ್ಕೂ ಮಾರೋದಕ್ಕೂ ಏನು ವ್ಯತ್ಯಾಸ? ದುಡ್ಡೊಂದೇ ಅಲ್ಲ, ಬೀಟ್ (ಮಾತಿನ ಹಿಂದೆ ನುಡಿಯುವ ಸಂಗೀತ) ಕಟ್ಟುವ ರೀತಿಯೇ ಬದಲಾಗುತ್ತದೆ. ಇದು ಸರಿಯಾಗಿ ಅರ್ಥವಾದರೆ ಅರ್ಧ ಹಿಪ್‌ಹಾಪ್ ಇತಿಹಾಸ ಅರ್ಥವಾದ ಹಾಗೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಳೆಯ ಹಾಡಿನ ಎರಡು ಸೆಕೆಂಡ್ ತುಣುಕನ್ನು ಕತ್ತರಿಸಿ, ವೇಗ ಹೆಚ್ಚು ಕಡಿಮೆ ಮಾಡಿ, ಮತ್ತೆ ಮತ್ತೆ ತಿರುಗಿಸಿ, ಅದರ ಮೇಲೆ ಡ್ರಮ್ ಕೂರಿಸುವುದಕ್ಕೆ ಸ್ಯಾಂಪಲ್ ಮಾಡೋದು ಅಂತಾರೆ. ಕ್ರಿಟ್ ರ‍್ಯಾಪರ್ ಮಾತ್ರ ಅಲ್ಲ, ಬೀಟ್‌ಗಳನ್ನೂ ತಾನೇ ಕಟ್ಟುತ್ತಾನೆ. ಸೋಲ್ ಅನ್ನೋ, ಅಮೆರಿಕದ ಕರಿಯರ ಭಾವ ತುಂಬಿದ ಹಳೆಯ ಹಾಡುಗಳ ತುಣುಕು ಅಂದರೆ ಅವನಿಗೆ ಪ್ರಾಣ. ಆದರೆ 1991ರಲ್ಲಿ ನ್ಯೂಯಾರ್ಕಿನ ಒಂದು ನ್ಯಾಯಾಲಯ ಬಿಜ್ ಮಾರ್ಕಿ ಅನ್ನೋ ರ‍್ಯಾಪರ್ ವಿರುದ್ಧ ತೀರ್ಪು ಕೊಟ್ಟಿತ್ತು. ಗಿಲ್ಬರ್ಟ್ ಓ'ಸಲಿವನ್ ಹಾಡಿನ ತುಣುಕನ್ನು ಅನುಮತಿ ಇಲ್ಲದೆ ಬಳಸಿದ್ದ ಅಂತ. ಆ ತೀರ್ಪು ಶುರುವಾಗುವುದೇ ಬೈಬಲಿನ 'ಕದಿಯಬಾರದು' ಅನ್ನೋ ಆಜ್ಞೆಯಿಂದ! ಅಲ್ಲಿಂದ ಮುಂದೆ ಕಂಪನಿಗಳು ಪ್ರತಿ ತುಣುಕಿಗೂ ಮೊದಲೇ ಒಪ್ಪಿಗೆ ಪಡೆಯತೊಡಗಿದವು. ಒಂದು ತುಣುಕಿಗೆ ಎರಡು ಒಪ್ಪಿಗೆ ಬೇಕು: ಹಾಡು ರಚಿಸಿದವರ ಕಡೆಯಿಂದ ಒಂದು, ಆ ರೆಕಾರ್ಡಿಂಗ್ ಯಾರದ್ದೋ ಅವರಿಂದ ಇನ್ನೊಂದು. ಎರಡಕ್ಕೂ ದುಡ್ಡು. ಪುಕ್ಕಟೆ ಹಂಚುವ ಮಿಕ್ಸ್‌ಟೇಪ್‌ಗೂ ಕಾನೂನಿನ ರಿಯಾಯಿತಿ ಏನೂ ಇಲ್ಲ. ಅಲ್ಲಿ ಬಂದು ದುಡ್ಡು ಕೇಳುವವರು ಕಡಿಮೆ, ಅಷ್ಟೆ.

ಹಾಗಾಗಿ ದೊಡ್ಡ ಕಂಪನಿಗೆ ಬಂದವನು ಯಾವ ತುಣುಕು ಇಟ್ಟುಕೊಳ್ಳಲಿ, ಯಾವುದು ಬಿಡಲಿ, ಯಾವುದನ್ನು ವಾದ್ಯದಲ್ಲೇ ನುಡಿಸಲಿ ಅಂತ ಲೆಕ್ಕ ಹಾಕಬೇಕಾಗುತ್ತದೆ. 'ರಿಟರ್ನ್ ಆಫ್ ಫಾರೆವಾ' ಒಮ್ಮೆ ಕೇಳಿ, ಆಮೇಲೆ ಇದನ್ನು ಕೇಳಿ. ಮೊದಲಿನದರಲ್ಲಿ ಒಂದು ಮಸುಕು, ಹಳೆಯ ಕ್ಯಾಸೆಟ್ಟಿನ ಬೆಚ್ಚನೆ ಭಾವ ಇದೆ. ಇದರಲ್ಲಿ ಎಲ್ಲ ತೊಳೆದಿಟ್ಟ ಹಾಗೆ ಸ್ವಚ್ಛ. ನನಗೆ ಮೊದಲಿನದೇ ಜಾಸ್ತಿ ಇಷ್ಟ. ಆದರೆ ಕಲಿಯೋದಕ್ಕೆ ಈ ಆಲ್ಬಂ ಒಳ್ಳೆಯದು. ಮನೆಯೂರಿನ ಎಳೆತ ಒಂದು ಕಡೆ, ಕಂಪನಿಯ ಎಳೆತ ಇನ್ನೊಂದು ಕಡೆ. ಎರಡೂ ಇದರಲ್ಲಿ ಕಿವಿಗೇ ಕೇಳಿಸುತ್ತವೆ.

ಮನೆಯೂರು ಅಂದೆನಲ್ಲ, ಅದೇ ಇಲ್ಲಿ ಮುಖ್ಯ. ರ‍್ಯಾಪ್ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. ಲಾಸ್ ಏಂಜಲೀಸ್ ಆಮೇಲೆ ಸೇರಿಕೊಂಡಿತು. ದಕ್ಷಿಣದ ರಾಜ್ಯಗಳವರನ್ನು ಹಳ್ಳಿಗಮಾರರು ಅನ್ನೋ ಹಾಗೆ ನೋಡುತ್ತಿದ್ದ ಕಾಲ ಅದು. 1995ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ, 'ಸೋರ್ಸ್' ಅನ್ನೋ ಹಿಪ್‌ಹಾಪ್ ಪತ್ರಿಕೆಯ ಪ್ರಶಸ್ತಿ ಸಮಾರಂಭದಲ್ಲಿ ಅಟ್ಲಾಂಟಾದ ಔಟ್‌ಕಾಸ್ಟ್ ಜೋಡಿ ಬಹುಮಾನ ತೆಗೆದುಕೊಳ್ಳಲು ವೇದಿಕೆ ಹತ್ತಿದಾಗ ಜನ ಕೂಗಿ ಗೇಲಿ ಮಾಡಿದರು. ಆಗ ಆ ಜೋಡಿಯಲ್ಲೊಬ್ಬನಾದ ಆಂಡ್ರೆ 3000, ದಕ್ಷಿಣಕ್ಕೂ ಹೇಳೋದಿದೆ ಅಂದ. ಕ್ರಿಟ್‌ನ ಹೊತ್ತಿಗೆ ದಕ್ಷಿಣ ಗೆದ್ದಾಗಿತ್ತು. ಆದರೆ ಗೆದ್ದದ್ದು ಹೆಚ್ಚಾಗಿ ಅಟ್ಲಾಂಟಾದ ಕ್ಲಬ್ ಸದ್ದು. ಕ್ರಿಟ್ ಹಿಡಿದದ್ದು ಅದಕ್ಕಿಂತ ಹಳೆಯ ದಾರಿ. ಟೆಕ್ಸಸ್‌ನ ಪೋರ್ಟ್ ಆರ್ಥರ್‌ನಿಂದ ಬಂದ ಯುಜಿಕೆ ಜೋಡಿಯ, ಮೆಂಫಿಸ್‌ನ 8ಬಾಲ್ ಮತ್ತು ಎಂಜೆಜಿ ಜೋಡಿಯ ದಾರಿ. ಯುಜಿಕೆಯ ಬನ್ ಬಿ ಈ ಆಲ್ಬಂನಲ್ಲೇ ಇದ್ದಾನೆ. 8ಬಾಲ್, ಎಂಜೆಜಿ ಕೂಡ ಇದ್ದಾರೆ. ಅವರಿಬ್ಬರ ಜೊತೆ 'ಮನಿ ಆನ್ ದಿ ಫ್ಲೋರ್' ಹಾಡಿನಲ್ಲಿ ಅಟ್ಲಾಂಟಾ ಕಡೆಯ ರ‍್ಯಾಪರ್ ಟು ಚೈನ್ಜ್ ಸೇರಿದ್ದು, ನನ್ನ ಲೆಕ್ಕದಲ್ಲಿ, ಕ್ಲಬ್ಬಿನ ಕಡೆಗೆ ನೋಡಿ ಇಟ್ಟ ಹೆಜ್ಜೆ.

'ಮೈ ಸಬ್' ಹಾಡಿನ ಎರಡನೇ ಭಾಗ ಕೇಳುವಾಗ ಒಂದು ಪ್ರಯೋಗ ಮಾಡಿ. ಮೊದಲು ಫೋನಿನ ಸ್ಪೀಕರ್‌ನಲ್ಲೇ ಹಾಕಿ. ಮಾತು, ಚಪ್ಪಾಳೆಯಂಥ ಸದ್ದು ಕೇಳಿಸುತ್ತದೆ. ಕೆಳಗೆ ಏನೂ ಇಲ್ಲ ಅನ್ನಿಸುತ್ತದೆ. ಈಗ ಒಳ್ಳೆಯ ಇಯರ್‌ಫೋನ್ ಹಾಕಿಕೊಳ್ಳಿ, ಇಲ್ಲವೇ ಸಬ್‌ವೂಫರ್ (ತಗ್ಗು ಸದ್ದಿಗೇ ಮಾಡಿದ ಸ್ಪೀಕರ್) ಇರೋ ಕಾರಿನಲ್ಲಿ ಕೂತು ಕೇಳಿ. ಹಾಡಿನ ತಳ ಎದ್ದು ಬರುತ್ತದೆ, ಎದೆಗೂಡು ಅದುರುತ್ತದೆ. 'ಸಬ್' ಅಂದರೆ ಅದೇ ಸಬ್‌ವೂಫರ್. ದಕ್ಷಿಣದ ಊರುಗಳಲ್ಲಿ ಹಾಡು ಕೇಳೋದು ಕಾರಿನಲ್ಲಿ, ಡಿಕ್ಕಿಯಲ್ಲಿ ದೊಡ್ಡ ಸ್ಪೀಕರ್ ಕೂರಿಸಿಕೊಂಡು, ನಿಧಾನಕ್ಕೆ ಬೀದಿ ಸುತ್ತುತ್ತಾ. ಬೀಟ್ ನಿಧಾನ ಯಾಕೆ, ಬೇಸ್ ಅನ್ನೋ ಆ ತಗ್ಗು ಸದ್ದು ಅಷ್ಟು ಉದ್ದ ಯಾಕೆ ಅಂತ ಕೇಳುವವರಿಗೆ ಆ ಕಾರೇ ಉತ್ತರ.

ಕೊನೆಗೆ 'ಪ್ರೇಯಿಂಗ್ ಮ್ಯಾನ್'. ಇದರಲ್ಲಿ ಜೊತೆಗೆ ಹಾಡಿದವರು ಬಿ.ಬಿ. ಕಿಂಗ್. 1925ರಲ್ಲಿ ಮಿಸಿಸಿಪ್ಪಿಯ ಇಟಾ ಬೀನಾ ಹತ್ತಿರದ ಹತ್ತಿ ತೋಟದಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿ ಹತ್ತಿ ಬಿಡಿಸಿ, ಆಮೇಲೆ ಬ್ಲೂಸ್ ಅನ್ನೋ, ದಕ್ಷಿಣದ ಕರಿಯರ ಸಂಗೀತದ ದೊಡ್ಡ ಹೆಸರಾದವರು. ಹಾಡಿನ ವಿಷಯ ಗುಲಾಮಗಿರಿಯ, ಕರಿಯರನ್ನು ಮರಕ್ಕೆ ನೇಣು ಹಾಕುತ್ತಿದ್ದ ಕಾಲದ ಕ್ರೌರ್ಯ. ಹಾಡಿನೊಳಗೆ ಕಥೆ ಹೇಳುವ ಪಾತ್ರ ಅದನ್ನು ಅನುಭವಿಸಿದವನೇ. ಕ್ರಿಟ್ ಇಲ್ಲಿ ದನಿ ಏರಿಸುವುದಿಲ್ಲ, ಕಥೆ ಹೇಳುವ ಹಾಗೆ ಹೇಳುತ್ತಾನೆ. ಆ ಮಾತುಗಳ ನಡುವೆ ಕಿಂಗ್ ಅವರ ಒರಟು, ವಯಸ್ಸಾದ ದನಿ ಬರುತ್ತದೆ. ಆಗ ಅವರಿಗೆ 86. ಒಂದೇ ರಾಜ್ಯದಲ್ಲಿ 61 ವರ್ಷದ ಅಂತರದಲ್ಲಿ ಹುಟ್ಟಿದ ಇಬ್ಬರು. ಬ್ಲೂಸ್ ಹುಟ್ಟಿದ ನೆಲದಲ್ಲೇ ಬೆಳೆದ ರ‍್ಯಾಪರ್ ಒಬ್ಬ ಬ್ಲೂಸ್ ಹಾಡಿನ ತುಣುಕು ಕತ್ತರಿಸಿಕೊಳ್ಳಲಿಲ್ಲ, ಹಾಡುಗಾರರನ್ನೇ ಮೈಕ್ ಮುಂದೆ ಕರೆದ. ಇದನ್ನು ಇಯರ್‌ಫೋನ್ ಹಾಕಿ, ರಾತ್ರಿ, ಬೇರೆ ಕೆಲಸ ಬದಿಗಿಟ್ಟು ಸುಮ್ನೆ ಕೂತು ಕೇಳಿ.