ಕಬ್ಬಿನ ಸೀಸನ್ನಿಗೆ ಹೋದ ಮಕ್ಕಳಿಗೆ ಶಾಲೆ ಎಲ್ಲಿ?

ದೀಪಾವಳಿಯ ಆಸುಪಾಸಿನಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಿಂದ ಕಬ್ಬು ಕಡಿಯುವ ಗ್ಯಾಂಗುಗಳು ಹೊರಡುತ್ತವೆ. ಇದು ಮಳೆ ನಂಬಿದ ಸೀಮೆ. ಮುಕಾದಮನಿಂದ, ಅಂದರೆ ಕೂಲಿಗಳನ್ನು ಒದಗಿಸುವ ಗುತ್ತಿಗೆದಾರನಿಂದ, ಉಚಲ್ (ಮುಂಗಡ ಹಣ) ಪಡೆದ ಗಂಡ-ಹೆಂಡತಿ ಸೇರಿ ಒಂದು ಕೊಯ್ತಾ, ಅಂದರೆ ಕಬ್ಬು ಕಡಿಯುವ ಒಂದು ಜೋಡಿ. ಜೊತೆಗೆ ಮಕ್ಕಳೂ ಟ್ರ್ಯಾಕ್ಟರ್ ಹತ್ತುತ್ತಾರೆ. ಮುಂದಿನ ಐದಾರು ತಿಂಗಳು ಹೊಲದ ಬದಿಯ ತಾಡಪತ್ರಿ ಗುಡಿಸಲೇ ಮನೆ. ಶಾಲೆಯ ವರ್ಷದ ಅರ್ಧದಷ್ಟು ಕಾಲ ಈ ಮಕ್ಕಳಿಗೆ ಗಟ್ಟಿ ಸೂರೂ ಇಲ್ಲ, ವಿಳಾಸವೂ ಇಲ್ಲ.

ಕಾನೂನು ಇವರನ್ನು ಗುರುತಿಸಿದ್ದು ತಡವಾಗಿ. ಸಂವಿಧಾನಕ್ಕೆ 2002ರಲ್ಲಿ ತಂದ 86ನೇ ತಿದ್ದುಪಡಿ 6ರಿಂದ 14 ವರ್ಷದವರ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಅದರ ಬೆನ್ನಿಗೆ ಬಂದ 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ವಲಸೆ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸುವ ಹೊಣೆಯನ್ನು ಅದು ಸ್ಥಳೀಯ ಸಂಸ್ಥೆಗಳಿಗೆ ಹೊರಿಸಿತು. ಟಿಸಿ ತಡವಾಯಿತು, ವಯಸ್ಸಿನ ದಾಖಲೆ ಇಲ್ಲ, ವರ್ಷದ ನಡುವೆ ಬಂದರು ಎಂದು ಯಾವ ಮಗುವನ್ನೂ ವಾಪಸ್ ಕಳಿಸುವಂತಿಲ್ಲ. ಇದು ನಿಜಕ್ಕೂ ದೊಡ್ಡ ಮಾತು.

ಆದರೆ ಜತ್ತದ ಎಷ್ಟೋ ಮಕ್ಕಳು ಓದುವುದು ಕನ್ನಡದಲ್ಲಿ. ಅಲ್ಲಿ, ಅಕ್ಕಲಕೋಟೆಯಲ್ಲಿ, ದಕ್ಷಿಣ ಸೊಲ್ಲಾಪುರದಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಪಾಠ ಸಿಗಬೇಕು ಎನ್ನುತ್ತದೆ. ಕೊಲ್ಹಾಪುರದ ಕಡೆ ಕಬ್ಬಿಗೆ ಹೋದ ಮಗುವಿಗೆ ಹತ್ತಿರದಲ್ಲಿ ಸಿಗುವುದು ಮರಾಠಿ ಶಾಲೆ. ಸಕ್ಕರೆ ಫ್ಯಾಕ್ಟರಿಗಳ ಬಳಿ ಈ ಮಕ್ಕಳಿಗಾಗಿ ನಡೆದ ಸಾಖರ್ ಶಾಳೆಗಳೂ (ಸಕ್ಕರೆ ಶಾಲೆಗಳು) ಮರಾಠಿಯವೇ. ಮೂರನೆಯ ತರಗತಿಯ ಮಗು ಅಲ್ಲಿ ಸುಮ್ನೆ ಕೂತು ಏನು ಕಲಿಯಬೇಕು? ಅದೇ ಗ್ಯಾಂಗು ಬೆಳಗಾವಿ ಜಿಲ್ಲೆಗೆ ಹೋದರೆ ರಾಜ್ಯ ಬದಲಾಗುತ್ತದೆ, ಪಾಠದ ಭಾಷೆ ಉಳಿಯುತ್ತದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ನೋಡಿದ್ದು ರಾಜ್ಯದ ಗಡಿಯನ್ನು ಮಾತ್ರ. ಹಾಗಾಗಿ ಸಾಂಗ್ಲಿಯಿಂದ ಕೊಲ್ಹಾಪುರಕ್ಕೆ ಹೋದವರು ಅದರ ಲೆಕ್ಕಕ್ಕೇ ಬರಲಿಲ್ಲ.

ಇದಕ್ಕಾಗಿಯೇ ನನಗೆ ಹಂಗಾಮಿ ವಸತಿಗೃಹದ, ಅಂದರೆ ಕಬ್ಬಿನ ಸೀಸನ್ನಿಗಷ್ಟೇ ನಡೆಯುವ ಹಾಸ್ಟೆಲ್ಲಿನ, ದಾರಿ ಜಾಸ್ತಿ ಸರಿ ಅನಿಸುತ್ತದೆ. ಸರ್ವ ಶಿಕ್ಷಾ ಅಭಿಯಾನದ ಕಾಲದಿಂದಲೂ ಮಹಾರಾಷ್ಟ್ರದಲ್ಲಿ ಈ ವ್ಯವಸ್ಥೆ ಇದೆ. ಅಪ್ಪ-ಅವ್ವ ಹೋದರೂ ಮಗು ಊರಲ್ಲೇ ಉಳಿಯುತ್ತದೆ, ಸೀಸನ್ ಮುಗಿಯುವವರೆಗೆ ಊಟದ ಏರ್ಪಾಡು ಇರುತ್ತದೆ, ತನ್ನದೇ ಶಾಲೆ, ತನ್ನದೇ ಮೇಷ್ಟ್ರು. 2021ರಲ್ಲಿ ರಾಜ್ಯ ಸರ್ಕಾರ ಕಬ್ಬು ಕಡಿಯುವವರ ಮಕ್ಕಳಿಗಾಗಿ 41 ತಾಲೂಕುಗಳಲ್ಲಿ 82 ವಸತಿಗೃಹಗಳ ಯೋಜನೆಗೂ ಒಪ್ಪಿಗೆ ಕೊಟ್ಟಿತು.

ಈಗ ಇದರ ಅಗತ್ಯ ಇನ್ನೂ ಹೆಚ್ಚಿದೆ. 2019ರಲ್ಲಿ ಆರ್‌ಟಿಇಗೆ ತಂದ ತಿದ್ದುಪಡಿ 5 ಮತ್ತು 8ನೇ ತರಗತಿಯಲ್ಲಿ ಫೇಲ್ ಮಾಡಲು ಅವಕಾಶ ಕೊಟ್ಟಿತು. ಮಹಾರಾಷ್ಟ್ರ 2023ರಲ್ಲಿ ಅದಕ್ಕೆ ನಿಯಮ ಮಾಡಿತು. ಪರೀಕ್ಷೆ ಬರುವುದು ವರ್ಷದ ಕೊನೆಗೆ, ಅಂದರೆ ಗ್ಯಾಂಗುಗಳು ಊರಿಗೆ ಮರಳುವ ಹೊತ್ತಿಗೆ. ತಿಂಗಳುಗಟ್ಟಲೆ ಪಾಠವೇ ಕೇಳದ ಮಗುವನ್ನು ಅಲ್ಲಿ ಕೂರಿಸುವುದು ಅನ್ಯಾಯ ಅಲ್ವಾ?

ಉಚಲ್ ಮಳೆಗಾಲದಲ್ಲೇ ಕೈಸೇರುತ್ತದೆ. ಈ ಸಲ ಯಾವ ಮನೆಯವರು ಹೊರಡುತ್ತಾರೆ ಎಂದು ಊರಿಗೆಲ್ಲ ಗೊತ್ತಿರುತ್ತದೆ. ಕನ್ನಡ ಶಾಲೆಗಳ ವ್ಯವಸ್ಥಾಪನ ಸಮಿತಿಗಳಲ್ಲಿ ಕಾನೂನಿನಂತೆ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಆ ಸಮಿತಿಗಳು ಆಗಸ್ಟಿನಲ್ಲೇ ಮಕ್ಕಳ ಪಟ್ಟಿ ಮಾಡಿ ಜಿಲ್ಲಾ ಪರಿಷತ್ತಿಗೆ ಕೊಡಬೇಕು, ದೀಪಾವಳಿಗೆ ಮೊದಲೇ ವಸತಿಗೃಹ ತೆರೆಸಬೇಕು.