ಪದ ಪರಿಚಯ: ಲೋಟಾ

ಲೋಟ ಅಂದರೆ ನಮಗೆ ಕಾಫಿ ನೆನಪಾಗುತ್ತದೆ. ಸ್ಟೀಲ್ ಲೋಟ, ಹಿತ್ತಾಳೆ ಲೋಟ, ಬೈಟು ಕಾಫಿಯ ಗಾಜಿನ ಲೋಟ. ಪಾಕಿಸ್ತಾನದಲ್ಲಿ ಒಬ್ಬ ಶಾಸಕರನ್ನು ‘ಲೋಟಾ’ ಅಂತ ಕರೆದರೆ ಮಾತ್ರ ಜಗಳವೇ ಆಗುತ್ತದೆ. ಅಲ್ಲಿ ಅದು ಪಕ್ಷ ಬಿಟ್ಟು ಪಕ್ಷಕ್ಕೆ ಹಾರುವವರಿಗೆ ಇಟ್ಟ ಹೆಸರು.

2022ರ ಏಪ್ರಿಲ್ 16ರಂದು ಲಾಹೋರಿನ ಪಂಜಾಬ್ ಅಸೆಂಬ್ಲಿಯಲ್ಲಿ ಮುಖ್ಯಮಂತ್ರಿಯ ಆಯ್ಕೆ ನಡೆಯಬೇಕಿತ್ತು. ಇಮ್ರಾನ್ ಖಾನರ ಪಿಟಿಐ ಪಕ್ಷದ ಶಾಸಕರು ಸದನದೊಳಗೆ ನಿಜವಾದ ಲೋಟಾಗಳನ್ನೇ ತಂದಿದ್ದರು. ಎದುರಾಳಿ ಕಡೆ ಹೋದ ತಮ್ಮ ಪಕ್ಷದವರನ್ನು ‘ಲೋಟಾ, ಲೋಟಾ’ ಅಂತ ಕೂಗಿದರು. ಡೆಪ್ಯುಟಿ ಸ್ಪೀಕರ್ ದೋಸ್ತ್ ಮುಹಮ್ಮದ್ ಮಜಾರಿ ಬಂದಾಗ ಅವರ ಮೇಲೆ ಲೋಟಾ ಎಸೆದರು, ತಲೆಗೂದಲನ್ನೂ ಹಿಡಿದೆಳೆದರು. ಆ ವಿಡಿಯೋ ಮೊದಲ ಸಲ ನೋಡಿದಾಗ ನನಗೆ ಅರ್ಥವಾಗಿರಲಿಲ್ಲ. ಇವರು ಯಾಕೆ ಪಾತ್ರೆ ಹಿಡಿದು ಸದನಕ್ಕೆ ಬಂದಿದ್ದಾರೆ ಅಂದುಕೊಂಡೆ.

ಅಲ್ಲಿನ ಲೋಟಾ ನಮ್ಮ ಗಿಂಡಿಯ ಹಾಗೆ, ಪಕ್ಕದಲ್ಲಿ ಮೂತಿ ಇರುತ್ತದೆ. ಈಗ ಜಾಸ್ತಿ ಪ್ಲಾಸ್ಟಿಕ್ಕಿನದು. ಅದರ ಜಾಗ ಅಡುಗೆಮನೆ ಅಲ್ಲ, ಪಾಯಿಖಾನೆ. ನಮ್ಮ ಹಳ್ಳಿಗಳಲ್ಲಿ ‘ಚೊಂಬು ಹಿಡಿದು ಹೊರಟ’ ಅಂದರೆ ಎಲ್ಲಿಗೆ ಅಂತ ಯಾರೂ ಕೇಳುವುದಿಲ್ಲ, ಅಲ್ವಾ? ಅದೇ ಚೊಂಬು ಇದು. ಹಾಗಾಗಿ ಬೈಗುಳದಲ್ಲಿ ಸ್ವಲ್ಪ ನಾತವೂ ಸೇರಿಕೊಂಡಿದೆ.

ಆದರೆ ಪದದ ಅರ್ಥ ಹುಟ್ಟಿದ್ದು ಆ ನಾತದಿಂದಲ್ಲ, ಪಾತ್ರೆಯ ತಳದಿಂದ. ಉರ್ದು, ಹಿಂದಿಯಲ್ಲಿ ‘ಬೇ ಪೇಂದೇ ಕಾ ಲೋಟಾ’ ಅಂತ ಹಳೆಯ ಮಾತಿದೆ. ತಳ ಇಲ್ಲದ ಲೋಟಾ ಅಂತ ಅರ್ಥ. ಅಡಿ ಚಪ್ಪಟೆಯಾಗಿ ಇಲ್ಲದಿದ್ದರೆ ಪಾತ್ರೆ ನೆಲದ ಮೇಲೆ ನಿಲ್ಲುವುದಿಲ್ಲ. ಇಳಿಜಾರು ಎತ್ತ ಇದೆಯೋ ಅತ್ತ ಉರುಳುತ್ತದೆ. ಸ್ವಾತಂತ್ರ್ಯಕ್ಕೂ ಮುಂಚಿನ ಪಂಜಾಬಿನಲ್ಲಿ ಡಾ. ಮುಹಮ್ಮದ್ ಆಲಂ ಅಂತ ಒಬ್ಬ ರಾಜಕಾರಣಿ ಇದ್ದರು. ಮೇಲಿಂದ ಮೇಲೆ ಪಕ್ಷ ಬದಲಿಸಿದ್ದಕ್ಕೆ ಅವರಿಗೆ ‘ಡಾಕ್ಟರ್ ಲೋಟಾ’ ಅನ್ನುವ ಅಡ್ಡಹೆಸರು ಬಿತ್ತು, ಪದ ರಾಜಕೀಯಕ್ಕೆ ಬಂದಿದ್ದೇ ಹಾಗೆ ಅಂತ ಅಲ್ಲಿ ಹೇಳುತ್ತಾರೆ.

ಲೋಟಾ ಪದಕ್ಕೆ ಒಂದು ಜೋಡಿ ಪದವೂ ಇದೆ: ‘ಛಾಂಗಾ ಮಾಂಗಾ’. ಲಾಹೋರಿನಿಂದ ಎಂಬತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ಕಾಡು ಅದು. ಬ್ರಿಟಿಷರು 1866ರಲ್ಲಿ ರೈಲು ಇಂಜಿನ್‌ಗಳಿಗೆ ಸೌದೆ ಬೇಕು ಅಂತ ನೆಟ್ಟು ಬೆಳೆಸಿದ್ದು. ಛಾಂಗಾ, ಮಾಂಗಾ ಅನ್ನುವ ಇಬ್ಬರು ಡಕಾಯಿತ ಅಣ್ಣತಮ್ಮಂದಿರ ಹೆಸರು ಅದಕ್ಕೆ ಬಂದಿದೆಯಂತೆ. 1980ರ ದಶಕದ ಕೊನೆಯಲ್ಲಿ ನವಾಜ್ ಷರೀಫ್ ಪಂಜಾಬಿನ ಮುಖ್ಯಮಂತ್ರಿಯಾಗಿದ್ದಾಗ ಶಾಸಕರು ಕೈತಪ್ಪಿ ಹೋಗಬಾರದು ಅಂತ ಅವರನ್ನು ಇಲ್ಲಿನ ರೆಸ್ಟ್ ಹೌಸಿನಲ್ಲಿ ಇರಿಸಿದ್ದರು. ಅಲ್ಲಿಂದ ‘ಛಾಂಗಾ ಮಾಂಗಾ ರಾಜಕೀಯ’ ಅನ್ನುವ ಮಾತೇ ಹುಟ್ಟಿತು. ನಮ್ಮ ‘ರೆಸಾರ್ಟ್ ರಾಜಕೀಯ’ಕ್ಕೆ ಇದಕ್ಕಿಂತ ಹತ್ತಿರದ ಅನುವಾದ ಸಿಗಲಿಕ್ಕಿಲ್ಲ. 1989ರಲ್ಲಿ ಪ್ರಧಾನಿ ಬೆನಜೀರ್ ಭುಟ್ಟೋ ವಿರುದ್ಧ ಅವಿಶ್ವಾಸ ಬಂದಾಗಲೂ ಇದೇ ಕಥೆ. ಒಂದು ಕಡೆಯವರು ತಮ್ಮ ಸಂಸದರನ್ನು ಮುರೀ ಬೆಟ್ಟಕ್ಕೆ ಕರೆದೊಯ್ದರೆ ಇನ್ನೊಂದು ಕಡೆಯವರು ಸ್ವಾತ್ ಕಣಿವೆಗೆ ಕರೆದೊಯ್ದರು. ನಿರ್ಣಯ 12 ಮತಗಳಿಂದ ಬಿದ್ದುಹೋಯಿತು.

ಇದಕ್ಕೆ ಕಾನೂನಿನ ಕಡಿವಾಣ ಬಂದಿದ್ದು 1997ರಲ್ಲಿ, 14ನೇ ತಿದ್ದುಪಡಿಯ ಮೂಲಕ. ಸಂವಿಧಾನಕ್ಕೆ 63-ಎ ವಿಧಿ ಸೇರಿತು. ಪಕ್ಷದ ಸೂಚನೆ ಮೀರಿ ಅವಿಶ್ವಾಸದಲ್ಲೋ ಮುಖ್ಯಮಂತ್ರಿ ಆಯ್ಕೆಯಲ್ಲೋ ಮತ ಹಾಕಿದರೆ ಸೀಟು ಹೋಗುತ್ತದೆ. 2022ರ ಆ ಗಲಾಟೆಯ ದಿನ ನವಾಜ್ ಷರೀಫರ ಪಕ್ಷವಾದ ನವಾಜ್ ಲೀಗ್‌ನ ಹಮ್ಜಾ ಶಹಬಾಜರಿಗೆ 197 ಮತ ಬಿತ್ತು, ಗೆಲ್ಲಲು ಬೇಕಿದ್ದದ್ದು 186. ಅವುಗಳಲ್ಲಿ ಪಿಟಿಐನ 25 ಮಂದಿಯ ಮತವೂ ಇತ್ತು. ಮೇ ತಿಂಗಳಲ್ಲಿ ಚುನಾವಣಾ ಆಯೋಗ ಆ 25 ಮಂದಿಯ ಸೀಟನ್ನೂ ಕಿತ್ತುಕೊಂಡಿತು. ಜುಲೈ 17ರಂದು 20 ಕ್ಷೇತ್ರಗಳಿಗೆ ಉಪಚುನಾವಣೆ. ಪಕ್ಷ ಬಿಟ್ಟವರಲ್ಲಿ ಹೆಚ್ಚಿನವರು ಈಗ ನವಾಜ್ ಲೀಗ್ ಟಿಕೆಟ್ಟಿನಲ್ಲಿ ನಿಂತಿದ್ದರು. ಪಿಟಿಐ 15 ಗೆದ್ದಿತು, ನವಾಜ್ ಲೀಗ್‌ಗೆ ಸಿಕ್ಕಿದ್ದು ಬರೀ 4. ನಮ್ಮಲ್ಲಿ 2019ರ ಡಿಸೆಂಬರಿನಲ್ಲಿ ಶಾಸಕರ ಅನರ್ಹತೆಯ ನಂತರ 15 ಕ್ಷೇತ್ರಗಳಿಗೆ ಉಪಚುನಾವಣೆ ಆದಾಗ ಅವರನ್ನು ಸೇರಿಸಿಕೊಂಡ ಪಕ್ಷವೇ 12 ಗೆದ್ದಿತ್ತು. ಅಲ್ಲಿ ಆಗಿದ್ದು ಪೂರ್ತಿ ಉಲ್ಟಾ.

ಈ ಪದದಲ್ಲಿ ಒಂದು ತಮಾಷೆ ಇದೆ. ನಮ್ಮ ಪಕ್ಷ ಬಿಟ್ಟು ಹೋದವರು ಲೋಟಾ. ನಮ್ಮ ಪಕ್ಷಕ್ಕೆ ಬಂದವರದ್ದು ‘ಜಮೀರ್ ಜಾಗ್ ಗಯಾ’, ಅಂದರೆ ಆತ್ಮಸಾಕ್ಷಿ ಎಚ್ಚರಾಯಿತು. 2018ರ ಚುನಾವಣೆ ಆದ ಮೇಲೆ ಪಕ್ಷೇತರರನ್ನು ಆಗ ಪಿಟಿಐ ನಾಯಕರಾಗಿದ್ದ ಜಹಾಂಗೀರ್ ತರೀನ್ ತಮ್ಮ ಖಾಸಗಿ ವಿಮಾನದಲ್ಲಿ ಕೂರಿಸಿಕೊಂಡು ಇಮ್ರಾನರ ಮನೆಗೆ ಕರೆತರುತ್ತಿದ್ದರು. ಆಗ ಪಿಟಿಐನವರ ಬಾಯಲ್ಲಿ ಲೋಟಾ ಅನ್ನುವ ಪದ ಅಷ್ಟಾಗಿ ಬರುತ್ತಿರಲಿಲ್ಲ! ನಾಲ್ಕು ವರ್ಷದ ನಂತರ ಆ 25 ಮಂದಿಯಲ್ಲಿ ತರೀನ್ ಗುಂಪಿನವರೇ ಸುಮಾರು ಜನ ಇದ್ದರು.

ಇನ್ನೊಂದು ಮಾತು. ಇವರಿಗೆ ತಳವೇ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪಂಜಾಬಿನ ಹಳ್ಳಿಗಾಡಿನ ಎಷ್ಟೋ ಶಾಸಕರಿಗೆ ತಳ ಅಂದರೆ ಜಮೀನು, ಬಿರಾದರಿ, ಮನೆತನ. ಬಿರಾದರಿ ಅಂದರೆ ನಮ್ಮಲ್ಲಿ ಕುಲಬಾಂಧವರು ಅಂತೀವಲ್ಲ, ಅದು. ಅಂಥವರನ್ನು ಅಲ್ಲಿ ‘ಎಲೆಕ್ಟೆಬಲ್’ ಅಂತಾರೆ, ಯಾವ ಚಿಹ್ನೆ ಹಿಡಿದರೂ ಗೆಲ್ಲುವ ಕುಳ ಅಂತ. ಪಕ್ಷ ಅನ್ನುವುದು ಅವರಿಗೆ ಹೊದ್ದುಕೊಳ್ಳುವ ಶಾಲು ಇದ್ದ ಹಾಗೆ.

ಹಾಗಾದರೆ ಪಕ್ಷ ಬದಲಿಸಿದವರೆಲ್ಲ ಲೋಟಾನೇ? ಮುಲ್ತಾನಿನ ಜಾವೇದ್ ಹಾಶ್ಮಿಯವರನ್ನು ನೋಡಿ. ವಿದ್ಯಾರ್ಥಿ ನಾಯಕರಾಗಿ ಶುರುಮಾಡಿದವರು, 1978ರಲ್ಲಿ ಸೇನಾಡಳಿತಗಾರ ಜಿಯಾ ಉಲ್ ಹಕ್ ಸಂಪುಟದಲ್ಲಿ ಕಿರಿಯ ಮಂತ್ರಿ. ಆಮೇಲೆ ನವಾಜ್ ಷರೀಫರ ಜೊತೆ ಸೇರಿ ಆರೋಗ್ಯ ಮಂತ್ರಿಯಾದರು. ಮುಷರಫ್ ಕಾಲದಲ್ಲಿ ದೇಶದ್ರೋಹದ ಕೇಸು ಬಿತ್ತು, 2004ರಲ್ಲಿ 23 ವರ್ಷ ಶಿಕ್ಷೆ ಆಯಿತು. 2007ರಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಮರುವರ್ಷ ರಾವಲ್ಪಿಂಡಿಗೆ ಹೋಗಿ, ಅಲ್ಲಿ 1985ರಿಂದ ಗೆಲ್ಲುತ್ತಲೇ ಬಂದಿದ್ದ ಶೇಖ್ ರಶೀದರನ್ನು ಸೋಲಿಸಿದರು. 2011ರ ಡಿಸೆಂಬರಿನಲ್ಲಿ ಷರೀಫರನ್ನು ಬಿಟ್ಟು ಇಮ್ರಾನರ ಕಡೆ ಬಂದರು, ಪಿಟಿಐ ಅಧ್ಯಕ್ಷರಾದರು, 2013ರಲ್ಲಿ ಮುಲ್ತಾನಿನಿಂದ ಗೆದ್ದರು. ಜನ ಅವರನ್ನು ಕರೆಯುವುದು ‘ಬಾಘಿ’ ಅಂತ, ಅಂದರೆ ಬಂಡಾಯಗಾರ.

2014ರಲ್ಲಿ ಇಸ್ಲಾಮಾಬಾದಿನಲ್ಲಿ ಇಮ್ರಾನರ ಧರಣಿ ನಡೆಯುತ್ತಿತ್ತು. ಹಾಶ್ಮಿ ಅದನ್ನು ಒಪ್ಪದೆ ಸೆಪ್ಟೆಂಬರಿನಲ್ಲಿ ಸಂಸತ್ತಿಗೆ ಬಂದು ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಪಿಟಿಐನ ಉಳಿದ ಸದಸ್ಯರಲ್ಲಿ ಹೆಚ್ಚಿನವರೂ ಆಗಸ್ಟಿನಲ್ಲೇ ರಾಜೀನಾಮೆ ಬರೆದುಕೊಟ್ಟಿದ್ದರು. ಅವು ಅಂಗೀಕಾರ ಆಗಲಿಲ್ಲ, 2015ರ ಏಪ್ರಿಲಿನಲ್ಲಿ ಅವರೆಲ್ಲ ವಾಪಸ್ ಬಂದು ಕೂತರು. ಸೀಟು ಬಿಟ್ಟು ಜನರ ಮುಂದೆ ಹೋಗಿದ್ದು ಹಾಶ್ಮಿ ಮಾತ್ರ. ಅಕ್ಟೋಬರ್ 16ರಂದು ಮುಲ್ತಾನಿನಲ್ಲಿ ಉಪಚುನಾವಣೆ ನಡೆದು ಅವರು ಸೋತರು. ಗೆದ್ದವರು ಆಮಿರ್ ಡೋಗರ್, ಪಕ್ಷೇತರ ಅಭ್ಯರ್ಥಿ. ಅವರಿಗೆ ಪಿಟಿಐ ಬೆಂಬಲವಿತ್ತು. ಅವರು ಆಗಷ್ಟೇ ಭುಟ್ಟೋ ಮನೆತನದ ಪೀಪಲ್ಸ್ ಪಾರ್ಟಿ ಬಿಟ್ಟು ಬಂದಿದ್ದರು.