ಬಿಸಿಲು ನಲವತ್ತು, ಜ್ವರ ನೂರಾ ನಾಲ್ಕು

ರಾತ್ರಿ ಎರಡು ಗಂಟೆ. ಮಗಳ ಮೈ ಕೆಂಡದ ಹಾಗೆ ಸುಡುತ್ತಿತ್ತು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು, ಅದು ಬೀಪ್ ಅನ್ನುವವರೆಗೆ ಕಾದು, ತೆಗೆದು ನೋಡಿದರೆ 38.9. ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಜ್ವರ ಅಂದರೆ ನೂರು, ನೂರಾ ಒಂದು, ನೂರಾ ಎರಡು. ಮೂವತ್ತೆಂಟು ಚಿಲ್ಲರೆ ಅಂದರೆ ಜಾಸ್ತಿಯೋ, ಕಡಿಮೆಯೋ? ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದಿದ್ದರಿಂದ ಅದು ಸೆಲ್ಸಿಯಸ್‌ಗೆ ಬದಲಾಗಿತ್ತು ಅಂತ ಗೊತ್ತಾದದ್ದು ಆಮೇಲೆ. ಲೆಕ್ಕ ಹಾಕಿದರೆ 102. ಔಷಧಿ ಕೊಡುವಾಗ ಕೈ ನಡುಗುತ್ತಿತ್ತು.

ಅದೇ ಸಂಜೆ ಟೀವಿಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ಅಂದಿದ್ದರು. ಆಗ ಯಾವ ಗೊಂದಲವೂ ಆಗಿರಲಿಲ್ಲ, ‘ಅಬ್ಬಾ’ ಅಂದೆವು ಅಷ್ಟೆ. ಒಂದೇ ಮನೆ, ಒಂದೇ ದಿನ, ಎರಡು ಅಳತೆ. ಬಿಸಿಲಿಗೆ ಸೆಲ್ಸಿಯಸ್, ಜ್ವರಕ್ಕೆ ಫ್ಯಾರನ್‌ಹೀಟ್. ಇದು ಹೇಗೆ ಶುರುವಾಯಿತು ಅಂತ ತಿಳಿಯಲು ಮುನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ ಹುಟ್ಟಿದ್ದು 1686ರಲ್ಲಿ, ಇಂದಿನ ಪೋಲೆಂಡಿನ ಗ್ಡಾನ್ಸ್ಕ್‌ನಲ್ಲಿ. ಬದುಕು ಕಟ್ಟಿಕೊಂಡಿದ್ದು ಹಾಲೆಂಡಿನಲ್ಲಿ, ಅಳತೆಯ ಉಪಕರಣಗಳನ್ನು ಮಾಡುತ್ತಾ. ಆ ಕಾಲದಲ್ಲಿ ಇಬ್ಬರು ಮಾಡಿದ ಥರ್ಮಾಮೀಟರ್‌ಗಳನ್ನು ಒಂದೇ ಕೋಣೆಯಲ್ಲಿ ಇಟ್ಟರೂ ಅವು ಒಂದೇ ಸಂಖ್ಯೆ ತೋರಿಸುತ್ತವೆ ಅನ್ನುವ ಖಾತ್ರಿ ಇರಲಿಲ್ಲ. 1708ರಲ್ಲಿ ಆತ ಕೋಪನ್‌ಹೇಗನ್‌ಗೆ ಹೋಗಿ ಓಲೆ ರೋಮರ್‌ನನ್ನು ಕಂಡ. ಬೆಳಕಿಗೂ ಒಂದು ವೇಗವಿದೆ ಅಂತ ತೋರಿಸಿಕೊಟ್ಟ ಖಗೋಳ ವಿಜ್ಞಾನಿ ಈ ರೋಮರ್. ಅವನ ಅಳತೆಯಲ್ಲಿ ಮಂಜುಗಡ್ಡೆ ಕರಗುವುದು ಏಳೂವರೆಗೆ, ಮನುಷ್ಯನ ಮೈ ಶಾಖ ಇಪ್ಪತ್ತೆರಡೂವರೆಗೆ. ಈ ಅರ್ಧ ಅರ್ಧದ ಕಾಟ ಬೇಡವೆಂದು ಫ್ಯಾರನ್‌ಹೀಟ್ ಎಲ್ಲವನ್ನೂ ನಾಲ್ಕರಿಂದ ಗುಣಿಸಿದ. 30 ಮತ್ತು 90 ಬಂತು. ಆಮೇಲೆ ಅದನ್ನೂ ತಿದ್ದಿ 32 ಮತ್ತು 96 ಮಾಡಿದ.

ಯಾಕೆ 32, ಯಾಕೆ 96? ಎರಡರ ನಡುವೆ 64 ಇದೆ. ಗಾಜಿನ ಕೊಳವೆಯ ಮೇಲೆ ಗೀರು ಎಳೆಯುವವನಿಗೆ 64 ತುಂಬಾ ಅನುಕೂಲದ ಸಂಖ್ಯೆ. ಅರ್ಧ ಮಾಡಿ, ಅದರಲ್ಲಿ ಅರ್ಧ ಮಾಡಿ, ಹೀಗೆ ಆರು ಸಲ ಮಾಡಿದರೆ ಒಂದೊಂದು ಡಿಗ್ರಿಯೂ ಕೈಗೆ ಸಿಗುತ್ತದೆ. ಶಾಲೆಯಲ್ಲಿ ನಮ್ಮನ್ನು ಕಾಡಿದ ಆ 32 ಸುಮ್ನೆ ಬಂದದ್ದಲ್ಲ. ಅದರ ಹಿಂದೆ ಒಬ್ಬ ಕಸುಬುದಾರನ ಕೈ ಇದೆ. ಇದು ಗೊತ್ತಾದ ಮೇಲೆ ನನಗೆ ಆ ಸಂಖ್ಯೆಯ ಮೇಲಿದ್ದ ಸಿಟ್ಟು ಹೋಯಿತು. 1724ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಆತ ತನ್ನ ಅಳತೆಯ ಬಗ್ಗೆ ಬರೆದ. ಮಂಜುಗಡ್ಡೆ, ನೀರು, ನವಸಾಗರ ಅನ್ನುವ ಲವಣ ಬೆರೆಸಿದಾಗ ಬರುವ ಕೊರೆಯುವ ಚಳಿಯೇ ಅವನ ಸೊನ್ನೆ. ಅವನು ತೀರಿಕೊಂಡ ಮೇಲೆ ನೀರು ಕುದಿಯುವುದನ್ನು ಸರಿಯಾಗಿ 212ಕ್ಕೆ ನಿಲ್ಲಿಸಿದರು. ಹಾಗಾಗಿ ಮೈ ಶಾಖ 96ರಿಂದ ಸರಿದು ಮೇಲೆ ಹೋಯಿತು.

ಸ್ವೀಡನ್ನಿನ ಉಪ್ಸಾಲಾದಲ್ಲಿದ್ದ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಮಾಡಿದ್ದು ಇದಕ್ಕಿಂತ ಸರಳ. ಮಂಜುಗಡ್ಡೆಗೂ ಕುದಿಯುವ ನೀರಿಗೂ ನಡುವೆ ನೂರು ಪಾಲು. ಆದರೆ ಅವನ ಅಳತೆಯಲ್ಲಿ ನೀರು ಕುದಿಯುವುದು 0ಗೆ, ಹೆಪ್ಪುಗಟ್ಟುವುದು 100ಕ್ಕೆ! ಕೆಲವೇ ವರ್ಷಗಳಲ್ಲಿ ಅದನ್ನು ತಿರುಗಿಸಿ ಇಟ್ಟರು. ಬಹಳ ಕಾಲ ಅದಕ್ಕೆ ಸೆಂಟಿಗ್ರೇಡ್ ಅನ್ನುವ ಹೆಸರಿತ್ತು, 1948ರಲ್ಲಿ ಸೆಲ್ಸಿಯಸ್ ಅಂತ ಅಧಿಕೃತವಾಯಿತು. ನಮ್ಮ ಹಿರಿಯರು ಇವತ್ತಿಗೂ ಸೆಂಟಿಗ್ರೇಡ್ ಅಂತಲೇ ಅನ್ನುತ್ತಾರೆ.

ಇನ್ನು ಒಂದು ಅಳತೆಯನ್ನು ಇನ್ನೊಂದಕ್ಕೆ ಬದಲಾಯಿಸುವ ಸೂತ್ರ ತಾನಾಗಿ ಬರುತ್ತದೆ. ಮಂಜುಗಡ್ಡೆಯಿಂದ ಕುದಿಯುವ ನೀರಿಗೆ ಫ್ಯಾರನ್‌ಹೀಟ್‌ನಲ್ಲಿ 180 ಮೆಟ್ಟಿಲು, ಸೆಲ್ಸಿಯಸ್‌ನಲ್ಲಿ 100. ಅಂದರೆ 9ಕ್ಕೆ 5. ಜೊತೆಗೆ ಫ್ಯಾರನ್‌ಹೀಟ್‌ನಲ್ಲಿ ಮೆಟ್ಟಿಲು ಶುರುವಾಗುವುದೇ 32ರಿಂದ. ಬಾಯಿಲೆಕ್ಕಕ್ಕೆ ಒಂದು ದಾರಿ ಇದೆ: ಸೆಲ್ಸಿಯಸನ್ನು ಎರಡರಷ್ಟು ಮಾಡಿ, ಹತ್ತರಲ್ಲಿ ಒಂದು ಪಾಲು ಕಳೆದು, 32 ಕೂಡಿ. ರಾಯಚೂರಿನ 40 ತೆಗೆದುಕೊಳ್ಳಿ. 80, ಅದರಲ್ಲಿ 8 ಹೋದರೆ 72, ಕೂಡಿಸು 32, ಒಟ್ಟು 104. ಇದು ಅಂದಾಜಲ್ಲ, ಕರಾರುವಾಕ್ಕು. ರಾಯಚೂರಿನ ಮಧ್ಯಾಹ್ನವೂ 104 ಜ್ವರವೂ ಒಂದೇ ಬಿಸಿ ಅಂತ ನನಗೆ ಅವತ್ತಿನವರೆಗೆ ಹೊಳೆದಿರಲೇ ಇಲ್ಲ.

ಜ್ವರದ ಕಥೆಗೆ ಬರೋಣ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕಾರ್ಲ್ ವುಂಡರ್ಲಿಖ್ ಅನ್ನುವ ವೈದ್ಯ ಸುಮಾರು 25 ಸಾವಿರ ರೋಗಿಗಳ ಕಂಕುಳಿನ ಶಾಖ ಅಳೆದು, 1868ರಲ್ಲಿ ಪುಸ್ತಕ ಬರೆದ. ಆರೋಗ್ಯವಂತನ ಶಾಖ 37 ಅಂದ. ಮುಂಜಾನೆಗೂ ಸಂಜೆಗೂ ಅದು ಏರಿಳಿಯುತ್ತದೆ ಅಂತಲೂ ಹೇಳಿದ್ದ. ಆದರೆ ಆ ದುಂಡು 37 ಫ್ಯಾರನ್‌ಹೀಟ್‌ಗೆ ಬಂದಾಗ 98.6 ಆಯಿತು. ದಶಮಾಂಶ ನೋಡಿದ ತಕ್ಷಣ ಜನರಿಗೆ ಅದು ಬಹಳ ಸೂಕ್ಷ್ಮವಾಗಿ ಅಳೆದ ಸಂಖ್ಯೆ ಅನ್ನಿಸಿತು. ಅಲ್ಲ, ಅದು ಗುಣಾಕಾರದಿಂದ ಹುಟ್ಟಿದ ಚಿಲ್ಲರೆ. 1992ರಲ್ಲಿ ಅಮೆರಿಕದಲ್ಲಿ 148 ಆರೋಗ್ಯವಂತರನ್ನು ಅಳೆದಾಗ ಸರಾಸರಿ ಬಂದದ್ದು 98.2. ಜ್ವರಕ್ಕೆ ಗಡಿ ಅಂತ ಹೇಳುವ 100.4 ಕೂಡ ಅಷ್ಟೇ, ಅದು 38ರ ಇನ್ನೊಂದು ವೇಷ. 98.8 ಬಂತು ಅಂತ ಮಗುವನ್ನು ಎತ್ತಿಕೊಂಡು ಓಡುವ ಅಮ್ಮಂದಿರಿಗೆ ಇದನ್ನು ಯಾರಾದರೂ ಹೇಳಬೇಕು ಅಂತ ನನಗೆ ನಿಜಕ್ಕೂ ಅನ್ನಿಸುತ್ತದೆ.

ವುಂಡರ್ಲಿಖ್‌ನ ಕಾಲದ ಥರ್ಮಾಮೀಟರ್ ಉದ್ದನೆಯದು, ಇಪ್ಪತ್ತು ನಿಮಿಷದವರೆಗೂ ಇಟ್ಟುಕೊಂಡಿರಬೇಕಿತ್ತು. ಇಂಗ್ಲೆಂಡಿನ ವೈದ್ಯ ಥಾಮಸ್ ಕ್ಲಿಫರ್ಡ್ ಆಲ್ಬಟ್ 1860ರ ದಶಕದಲ್ಲಿ ಅದನ್ನು ಆರು ಇಂಚಿಗೆ, ಐದು ನಿಮಿಷಕ್ಕೆ ಇಳಿಸಿದ. ಅದು ವೈದ್ಯರ ಜೇಬಿಗೆ ಬಂತು. ಇಂಗ್ಲೆಂಡಿನಲ್ಲಿ ಆಗ ಫ್ಯಾರನ್‌ಹೀಟ್ ಬಳಕೆಯಲ್ಲಿತ್ತು. ಬ್ರಿಟಿಷರ ವೈದ್ಯಕೀಯದ ಜೊತೆ ಅದೇ ನಮ್ಮಲ್ಲಿಗೂ ಬಂತು.

ಸ್ವಾತಂತ್ರ್ಯದ ಮೇಲೆ ನಾವು 1956ರಲ್ಲಿ ಕಾಯಿದೆ ಮಾಡಿ ಮೆಟ್ರಿಕ್ ಅಳತೆಗೆ ಬಂದೆವು. ಸೇರು ಹೋಗಿ ಕಿಲೋ ಬಂತು, ಮೈಲಿ ಹೋಗಿ ಕಿಲೋಮೀಟರ್ ಬಂತು. ಹವಾಮಾನದ ಅಂಕಿ ಸೆಲ್ಸಿಯಸ್ ಆಯಿತು. ಆದರೆ ಮನೆಯ ಡಬ್ಬಿಯಲ್ಲಿದ್ದ ಪಾದರಸದ ಕಡ್ಡಿಯನ್ನು ಯಾರು ಬದಲಾಯಿಸುತ್ತಾರೆ? ಅಜ್ಜಿ ‘ನೂರಾ ಒಂದಿದೆ’ ಅಂದಳು, ಡಾಕ್ಟರೂ ಹಾಗೇ ಕೇಳಿದರು, ಮಾತು ಉಳಿದುಕೊಂಡಿತು. ಬ್ರಿಟನ್ನಿನ ಹವಾಮಾನ ವರದಿ ಕೂಡ 1962ರಲ್ಲಿ ಸೆಲ್ಸಿಯಸ್ ಕಡೆಗೆ ಹೊರಳಿತು. ಅಮೆರಿಕ ಮಾತ್ರ 1975ರಲ್ಲಿ ಕಾಯಿದೆ ಮಾಡಿದರೂ ಅದನ್ನು ಜನರ ಇಷ್ಟಕ್ಕೆ ಬಿಟ್ಟಿತು. ಅದಕ್ಕೇ ಶಿಕಾಗೋದಿಂದ ಮಗ ಫೋನ್ ಮಾಡಿ ‘ಇವತ್ತು ಇಪ್ಪತ್ತು ಡಿಗ್ರಿ’ ಅಂದರೆ ಮೈಸೂರಿನ ಅಮ್ಮ ‘ಹಿತವಾಗಿದೆ ಅಲ್ವಾ’ ಅನ್ನುತ್ತಾಳೆ. ಅಲ್ಲಿ ಅದು ನಮ್ಮ ಲೆಕ್ಕದ ಮೈನಸ್ ಏಳು.

ಇನ್ನೊಂದು ಎಡವಟ್ಟು ಸುದ್ದಿ ಅನುವಾದದಲ್ಲಿ ಆಗುತ್ತದೆ. ಭೂಮಿ 1.5 ಡಿಗ್ರಿ ಸೆಲ್ಸಿಯಸ್ ಬಿಸಿಯಾಯಿತು ಅನ್ನುವುದನ್ನು ಸೂತ್ರಕ್ಕೆ ಹಾಕಿದರೆ 34.7 ಬರುತ್ತದೆ. ಅದು ತಪ್ಪು. ಏರಿಕೆಯನ್ನು ಬದಲಾಯಿಸುವಾಗ 32 ಕೂಡಬಾರದು, ಮೆಟ್ಟಿಲು ಮಾತ್ರ ಎಣಿಸಬೇಕು. ಸರಿಯಾದ ಉತ್ತರ 2.7.

ಮಗಳ ಜ್ವರ ಮೂರನೇ ದಿನಕ್ಕೆ ಇಳಿಯಿತು. ಅವತ್ತೇ ಒಂದು ಚೀಟಿ ಬರೆದು ಔಷಧಿ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದೆ. 37 ಅಂದರೆ 98.6. 38 ಅಂದರೆ 100.4. 39 ಅಂದರೆ 102.2. 40 ಅಂದರೆ 104. ರಾತ್ರಿ ಕಣ್ಣು ಮಂಜಾಗಿದ್ದರೂ ಕಾಣಲಿ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.